ಲಿಕ್ವಿಡ್ ನೈಟ್ರೋಜನ್ ಇಲ್ಲ, ಬೂಷ್ಟು ಒಡೆಯುತ್ತಿಲ್ಲ. ಮೂರು ವಾರದಿಂದ ಅರೆಯುತ್ತಿದ್ದೇನೆ, ದಾರಿ ಹೇಳಿ

ಅಡಿಕೆಮರದಡಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷ. ಅಡಿಕೆ ಎಲೆಚುಕ್ಕೆ ರೋಗದ ಎಲೆಗಳಿಂದ ಫಂಗಸ್ ಬೇರ್ಪಡಿಸಿ ಪ್ಲೇಟಿನಲ್ಲಿ ಬೆಳೆಸಿದ್ದೇನೆ. ಬೀಜಾಣು ನೋಡಿದರೆ ಕೊಲೆಟೊಟ್ರೈಕಮ್ ಅನ್ನೋ ಫಂಗಸ್ ಅನಿಸುತ್ತದೆ. ಖಚಿತ ಮಾಡಿಕೊಳ್ಳೋಕೆ ಡಿಎನ್‌ಎ ತೆಗೆದು ಐಟಿಎಸ್ (ಫಂಗಸ್ ಗುರುತಿಸೋಕೆ ಓದುವ ಡಿಎನ್‌ಎ ಭಾಗ) ಪಿಸಿಆರ್ ಮಾಡಿ ಹೆಚ್ಚಿಸಬೇಕು. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಬೂಷ್ಟನ್ನು ಗಡುಸಾಗಿ ಹೆಪ್ಪುಗಟ್ಟಿಸಿ ಅರೆಯೋಕೆ ಬೇಕಾದ ಲಿಕ್ವಿಡ್ ನೈಟ್ರೋಜನ್ ನಮ್ಮಲ್ಲಿ ತಿಂಗಳಿಗೊಮ್ಮೆ ಬರುತ್ತದೆ, ಬಂದ ಎರಡು ದಿನಕ್ಕೆ ಖಾಲಿ. ಮಣಿ ಹಾಕಿ ಕುಲುಕಿ ಕೋಶ ಒಡೆಯುವ ಬೀಡ್ ಬೀಟರ್ ಮಿಷನ್ನೂ ಇಲ್ಲ. ಹಾಗಾಗಿ ಮಾರ್ಟರ್, ಪೆಸಲ್ (ಅರೆಯುವ ಬಟ್ಟಲು, ಕುಟ್ಟಾಣಿ) ಎರಡನ್ನೂ ರಾತ್ರಿಯಿಡೀ ಮೈನಸ್ 20ರ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ತೆಗೆದು, ಪ್ಲೇಟಿನಿಂದ ಕೆರೆದ ಬೂಷ್ಟಿಗೆ ಒಂದು ಚಿಟಿಕೆ ಮರಳು ಹಾಕಿ ಅರೆಯುತ್ತಿದ್ದೇನೆ. ಆಮೇಲೆ ಡಿಎನ್‌ಎ ಬಿಡಿಸುವ ಸಿಟ್ಯಾಬ್ ಬಫರ್, 65 ಡಿಗ್ರಿಯಲ್ಲಿ ಅರ್ಧ ಗಂಟೆ, ಕ್ಲೋರೋಫಾರ್ಮ್, ಐಸೋಪ್ರೊಪನಾಲ್. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ.

ತಳದಲ್ಲಿ ಬಿಳೀ ಡಿಎನ್‌ಎ ಬದಲು ಕಂದು ಬಣ್ಣದ ಲೋಳೆ ಸಿಗುತ್ತದೆ. ಪಿಪೆಟ್ಟಿನಲ್ಲಿ ಎಳೆದರೆ ತುದಿಗೆ ಅಂಟಿಕೊಂಡು ಬರುತ್ತದೆ. ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್‌ನಲ್ಲಿ ಪ್ರಮಾಣ ಮಾತ್ರ ಭಾರೀ, 900ರ ಮೇಲೆ! ಶುದ್ಧತೆ ತೋರಿಸುವ 260/230 ಅಂಕಿ ಬರೀ 0.5, 2ರ ಹತ್ತಿರ ಇರಬೇಕಿತ್ತು. ಪಿಸಿಆರ್ ನಾಲ್ಕು ಸಲ ಮಾಡಿದೆ, ಜೆಲ್‌ನಲ್ಲಿ ಅಳತೆಗೆ ಹಾಕುವ ಲ್ಯಾಡರ್ ಒಂದೇ ಹೊಳೆಯುತ್ತದೆ. ಕೋಶದ ಗೋಡೆ ಸರಿಯಾಗಿ ಒಡೆಯುತ್ತಿಲ್ಲ ಅಂತ ನನ್ನ ಲೆಕ್ಕ. ಇನ್ನೂ ಜೋರಾಗಿ ಒಡೆಯೋಕೆ ಏನು ಮಾಡಲಿ? ಶಬ್ದದಲೆಯಿಂದ ಒಡೆಯುವ ಸೋನಿಕೇಟರ್ ಪಕ್ಕದ ವಿಭಾಗದಲ್ಲಿದೆ, ಕೇಳಿದರೆ ಕೊಡಬಹುದು.

ಗಾಜಿನಮಣಿ

ಸೋನಿಕೇಟರ್ ಬೇಡವೇ ಬೇಡ. ಬ್ಯಾಕ್ಟೀರಿಯಾಗೆ ಸರಿ, ಫಂಗಸ್‌ಗೆ ಒಂಟಿಯಾಗಿ ಸಾಕಾಗಲ್ಲ. ಒಡೆಯೋ ಹೊತ್ತಿಗೆ ಟ್ಯೂಬು ಬಿಸಿ, ಡಿಎನ್‌ಎ ಚೂರುಚೂರು.

ಬೀಡ್ ಬೀಟರ್ ಇಲ್ಲ ಅಂದ್ರೆ ಬೀಡ್ಸ್ ಇಲ್ಲ ಅಂತ ಅಲ್ಲವಲ್ಲ. 0.5 ಮಿಲಿಮೀಟರಿನ ಗಾಜಿನ ಮಣಿ ತರಿಸಿ, ಟ್ಯೂಬು ಅಲುಗಿಸುವ ಮಾಮೂಲಿ ವೋರ್ಟೆಕ್ಸ್ ಸಾಕು. 2 ಮಿಲಿ ಸ್ಕ್ರೂ ಮುಚ್ಚಳದ ಟ್ಯೂಬಿನಲ್ಲಿ ಮೂರನೇ ಒಂದು ಭಾಗ ಮಣಿ, ಅದರ ಮೇಲೆ ಬಫರ್, ಮೇಲೆ ಸ್ವಲ್ಪ ಜಾಗ ಖಾಲಿ. ತುಂಬಾ ತುಂಬಿಸಿದರೆ ಮಣಿ ಓಡಾಡೋದೇ ಇಲ್ಲ, ಸುಮ್ನೆ ಮುದ್ದೆಯಾಗಿ ಕೂತಿರುತ್ತದೆ. 30 ಸೆಕೆಂಡು ವೋರ್ಟೆಕ್ಸ್, 30 ಸೆಕೆಂಡು ಐಸ್, ಎಂಟು ಹತ್ತು ಸಲ. ಕೈ ಜೋಮು ಹಿಡಿಯುತ್ತದೆ, ಅದೊಂದು ಗ್ಯಾರಂಟಿ.

0.5 ಅನ್ನೋದು ಮುಖ್ಯವಾಗಿ ಈಸ್ಟ್ ಅಳತೆ. ಎಳೆಎಳೆಯಾಗಿರುವ ಬೂಷ್ಟಿಗೆ ಅದರ ಜೊತೆ 2-3 ಮಿಲಿಮೀಟರಿನ ಒಂದೆರಡು ದೊಡ್ಡ ಗುಂಡು ಹಾಕಿ. ದೊಡ್ಡದು ಎಳೆಯ ಗಂಟನ್ನು ಬಿಡಿಸುತ್ತದೆ, ಸಣ್ಣದು ಗೋಡೆ ಒಡೆಯುತ್ತದೆ.

ಸ್ಲೈಡುನೋಡಿ

ತಂಗೀ, ಒಂದು ಪ್ರಶ್ನೆ. ಅರೆದ ಮೇಲೆ ಅದನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದ್ರಾ?

ಎಲ್ಲರೂ ಒಡೆಯೋ ವಿಧಾನ ಕೇಳುತ್ತಾರೆ. ಒಡೆದಿದೆಯಾ ಅಂತ ಯಾರೂ ನೋಡಲ್ಲ. ಒಂದು ಹನಿ ತೆಗೆದು ಸ್ಲೈಡ್ ಮೇಲಿಟ್ಟು 40ರಲ್ಲಿ ನೋಡಿ, ಎರಡು ನಿಮಿಷದ ಕೆಲಸ. ಒಡೆಯದ ಎಳೆ ಉದ್ದಕ್ಕೆ, ಒಳಗೆ ಕಾಳುಕಾಳಾಗಿ ತುಂಬಿಕೊಂಡಂತೆ ಕಾಣುತ್ತದೆ. ಒಡೆದಿದ್ದರೆ ತುಂಡುತುಂಡು, ಒಳಗೆ ಏನೂ ಇಲ್ಲದ ಪೈಪು. ಬೀಜಾಣುಗಳನ್ನ ಬೇರೆಯಾಗಿ ನೋಡಿ, ಎಳೆ ಪುಡಿಯಾದರೂ ಅವು ಹಾಗೇ ಉಳಿದಿರುತ್ತವೆ.

ಈಸ್ಟಪ್ಪ

ಇಲ್ಲಿ ಈಸ್ಟ್‌ನವನು ನಾನೊಬ್ಬನೇ ಅನ್ಸುತ್ತೆ. ನಮಗೆ ಬದುಕು ಸುಲಭ. ಪಿಸಿಆರ್‌ಗೆ ಮಾತ್ರ ಬೇಕಿದ್ದರೆ 200 ಮಿಲಿಮೋಲಾರ್ ಲಿಥಿಯಂ ಅಸಿಟೇಟ್, 1% ಎಸ್‌ಡಿಎಸ್ ಅನ್ನೋ ಸೋಪು, 70 ಡಿಗ್ರಿಯಲ್ಲಿ ಐದು ನಿಮಿಷ, ಎಥನಾಲ್ ಹಾಕಿ ಇಳಿಸಿದರೆ ಮುಗೀತು. ಮರಳೂ ಇಲ್ಲ, ಮಣಿಯೂ ಇಲ್ಲ. ನಿಮ್ಮ ಕೊಲೆಟೊಟ್ರೈಕಮ್‌ಗೆ ಇದು ನಡೆಯುತ್ತೆ ಅಂತ ಹೇಳ್ತಾ ಇಲ್ಲ, ಗೋಡೆ ಬೇರೆ.

ಈಸ್ಟ್ ಗೋಡೆಯಲ್ಲಿ ಕೈಟಿನ್ ಬರೀ ನೂರಕ್ಕೆ ಒಂದೆರಡು ಪಾಲು. ಜಾಸ್ತಿ ಇರೋದು ಗ್ಲೂಕಾನ್ ಅನ್ನೋ ಸಕ್ಕರೆ ಸರಪಳಿ, ಹೊರಗೆ ಮ್ಯಾನೋಪ್ರೋಟೀನಿನ ಪದರ. ಎಳೆ ಫಂಗಸ್‌ಗಳಲ್ಲಿ ಕೈಟಿನ್ ಪಾಲು ಹತ್ತು ಪಟ್ಟು ಹೆಚ್ಚಿರಬಹುದು. ಕೈಟಿನ್ ಅಂದ್ರೆ ಏಡಿ ಚಿಪ್ಪಿನಲ್ಲಿ, ಜಿರಳೆ ಮೈಮೇಲೆ ಇರುತ್ತಲ್ಲ, ಅದೇ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಇದ್ದಂತೆ ಗ್ಲೂಕಾನ್ ಮಧ್ಯೆ ಹಾದುಹೋಗಿರುತ್ತದೆ.

ಅಂದಹಾಗೆ, ಇಡೀ ಬಯೋಕೆಮಿಸ್ಟ್ರಿಗೆ ದಾರಿ ಮಾಡಿಕೊಟ್ಟಿದ್ದೇ ಹೀಗೆ ಮರಳು ಹಾಕಿ ಅರೆದಿದ್ದು, ಗೊತ್ತಾ? ಜರ್ಮನಿಯ ಎಡ್ವರ್ಡ್ ಬುಕ್ನರ್. ಒಂದು ಕಿಲೋ ಬಿಯರ್ ಈಸ್ಟು, ಅಷ್ಟೇ ತೂಕದ ಸ್ಫಟಿಕ ಮರಳು, ಕಾಲು ಕಿಲೋ ಕೀಸೆಲ್‌ಗುರ್ ಅನ್ನೋ ಡಯಾಟಮ್ ಮಣ್ಣು. ಹಿಟ್ಟು ನಾದಿದ ಹಾಗೆ ಮೆತ್ತಗಾಗೋವರೆಗೆ ಅರೆದು, ಬಟ್ಟೆಯಲ್ಲಿ ಕಟ್ಟಿ, ಹೈಡ್ರಾಲಿಕ್ ಪ್ರೆಸ್‌ಗೆ ಕೊಟ್ಟು ರಸ ಹಿಂಡಿದರು. ರಸ ಕೆಡದೆ ಇರಲಿ ಅಂತ ಸಕ್ಕರೆ ಹಾಕಿದರೆ ಗುಳ್ಳೆ ಬರೋಕೆ ಶುರುವಾಯ್ತು. ಜೀವಂತ ಕೋಶವೇ ಇಲ್ಲ, ಆದರೂ ಹುಳಿಯುತ್ತಿದೆ! ಹುದುಗೋಕೆ ಜೀವ ಇರಲೇಬೇಕು ಅಂತ ಪಾಶ್ಚರ್ ಕಾಲದಿಂದ ನಂಬಿಕೊಂಡು ಬಂದಿದ್ದು ಅಲ್ಲಿಗೆ ಬಿತ್ತು. 1897ರಲ್ಲಿ ಪ್ರಕಟವಾಯ್ತು, 1907ರಲ್ಲಿ ಕೆಮಿಸ್ಟ್ರಿ ನೊಬೆಲ್. ನಿಮ್ಮ ಫ್ರೀಜರ್ ಮಾರ್ಟರ್ ಬಗ್ಗೆ ಬೇಜಾರು ಮಾಡ್ಕೋಬೇಡಿ.

ಅಡಿಕೆಮರದಡಿ

@ಸ್ಲೈಡುನೋಡಿ ಅಕ್ಕ, ನೋಡಿರಲಿಲ್ಲ. ಈಗ ನೋಡಿ ಬಂದೆ. ಎಳೆಗಳು ಬಹುತೇಕ ಪುಡಿಯಾಗಿವೆ! ಖಾಲಿ ಪೈಪಿನ ತುಂಡುಗಳು, ಸುತ್ತ ಕಂದು ಕಸ. ಬೀಜಾಣುಗಳಲ್ಲಿ ಅರ್ಧಕ್ಕರ್ಧ ಹಾಗೇ ಇವೆ. ಹಾಗಾದ್ರೆ ಒಡೆದಿದೆ ಅಂತಾಯ್ತು. ಮತ್ತೆ ಪಿಸಿಆರ್ ಯಾಕೆ ಬರ್ತಿಲ್ಲ?

@ಈಸ್ಟಪ್ಪ ಬುಕ್ನರ್ ಕಥೆಗೆ ಥ್ಯಾಂಕ್ಸ್ ಸರ್, ಆದರೆ ನನ್ನ ರಸದಲ್ಲಿ ಗುಳ್ಳೆಯೂ ಬರ್ತಿಲ್ಲ.

ಹಳೇಪೆಸಲ್

ಮೂವತ್ತು ವರ್ಷ ಇದೇ ಕೆಲಸ ಮಾಡಿದವನು, ಈಗ ರಿಟೈರ್ಡ್. ನಿಮ್ಮ ಮೊದಲ ಪೋಸ್ಟಿನಲ್ಲೇ ಉತ್ತರ ಇದೆ: ಕಂದು ಲೋಳೆ, 0.5.

ಗೋಡೆ ಒಡೆದಾಗ ಡಿಎನ್‌ಎ ಒಂದೇ ಹೊರಗೆ ಬರಲ್ಲ. ಗೋಡೆಯೂ ಅದರ ಜೊತೆ ಬರುತ್ತದೆ. ಲೋಳೆ ಅಂದ್ರೆ ಪಾಲಿಸ್ಯಾಕರೈಡು (ಸಕ್ಕರೆಗಳ ಸರಪಳಿ), ಕಂದು ಅಂದ್ರೆ ಮೆಲನಿನ್ ಮತ್ತು ಫೀನಾಲು. ಕೊಲೆಟೊಟ್ರೈಕಮ್‌ನಂಥ ಕಪ್ಪಾಗುವ ಫಂಗಸ್ ಹಳತಾದಷ್ಟೂ ಮೆಲನಿನ್ ಜಾಸ್ತಿ. ಅದು ಡಿಎನ್‌ಎಗೆ ಅಂಟಿಕೊಂಡು ಬಂದು ಪಿಸಿಆರ್‌ನ ಟ್ಯಾಕ್ ಎಂಜೈಮಿನ ಬಾಯಿ ಕಟ್ಟುತ್ತದೆ. ನೀವು ಇನ್ನೂ ಜೋರಾಗಿ ಅರೆದರೆ ಆ ಕೊಳೆ ಇನ್ನಷ್ಟು ಹೊರಬರುತ್ತದೆ, ಅಷ್ಟೇ. 900 ಅನ್ನೋ ಅಂಕಿಯನ್ನೂ ನಂಬಬೇಡಿ. ಫೀನಾಲು, ಆರ್‌ಎನ್‌ಎ ಎಲ್ಲ ಸೇರಿಸಿ ಎಣಿಸಿರುತ್ತದೆ ಆ ಮಿಷನ್ನು.

ಪ್ಲೇಟ್ ಎಷ್ಟು ದಿನದ್ದು?

ನಾಳೆ ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಲ್ಯಾಬಿನಲ್ಲಿ ಯಾವಾಗಲೂ ಬ್ಯಾಂಡ್ ಕೊಡುವ ಒಳ್ಳೇ ಡಿಎನ್‌ಎ ಯಾರದಾದರೂ ಇರುತ್ತದಲ್ಲ, ಅದರ ಪಿಸಿಆರ್ ಎರಡು ಟ್ಯೂಬ್ ಹಾಕಿ. ಒಂದಕ್ಕೆ ನಿಮ್ಮ ಕಂದು ದ್ರಾವಣ 1 ಮೈಕ್ರೋಲೀಟರ್ ಸೇರಿಸಿ. ಅದು ಸೇರಿದ ಟ್ಯೂಬಿನಲ್ಲಿ ಒಳ್ಳೇ ಡಿಎನ್‌ಎಯೂ ಸತ್ತುಹೋದರೆ ಜಗಳ ಗೋಡೆ ಜೊತೆ ಅಲ್ಲ, ಕೊಳೆ ಜೊತೆ. ಜೊತೆಗೆ ನಿಮ್ಮದನ್ನೇ 1:10, 1:50, 1:100 ನೀರಿನಲ್ಲಿ ತೆಳು ಮಾಡಿ ಹಾಕಿ. ತೆಳು ಮಾಡಿದಾಗ ಕೊಳೆ ಕಡಿಮೆಯಾಗುತ್ತದೆ. ಡಿಎನ್‌ಎಯೂ ಕಡಿಮೆಯಾಗುತ್ತದೆ ನಿಜ, ಆದರೆ ಐಟಿಎಸ್ ಒಂದೊಂದು ಕೋಶದಲ್ಲಿ ಹತ್ತಾರು, ನೂರಾರು ಪ್ರತಿ ಇರುತ್ತದೆ, ಚೂರು ಸಿಕ್ಕರೂ ಸಾಕು.

ಅಡಿಕೆಮರದಡಿ

ಪ್ಲೇಟ್ 18 ದಿನದ್ದು ಸರ್. ಬೂಷ್ಟು ಜಾಸ್ತಿ ಸಿಗಲಿ ಅಂತ ಬಿಟ್ಟಿದ್ದೆ. ಮಧ್ಯದಲ್ಲಿ ಪೂರ್ತಿ ಕಪ್ಪು, ಕಿತ್ತಳೆ ಬಣ್ಣದ ಬೀಜಾಣು ರಾಶಿ. ಕೆರೆಯುವಾಗ ಅಗಾರ್ ಕೂಡ ಸ್ವಲ್ಪ ಬಂದಿರುತ್ತದೆ.

ಹಳೇಪೆಸಲ್

ಅಲ್ಲೇ ಇದೆ ನೋಡಿ. 18 ದಿನದ ಬೂಷ್ಟು ಬಲಿತ ಬೆಂಡೆಕಾಯಿ. ಎಷ್ಟು ಬೇಯಿಸಿದರೂ ನಾರು. ಎಳೇದು ಕೊಯ್ದರೆ ಕುಕ್ಕರೇ ಬೇಡ.

ಪೊಟ್ಯಾಟೊ ಡೆಕ್ಸ್‌ಟ್ರೋಸ್ ಬ್ರಾತ್‌ನಲ್ಲಿ ಮೂರ್ನಾಲ್ಕು ದಿನ ಬೆಳೆಸಿ, ಇನ್ನೂ ಬೆಳ್ಳಗೆ ಹತ್ತಿಯ ಹಾಗಿರುವಾಗ ತೆಗೆಯಿರಿ. ತೆಳು ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ತೊಳೆದು, ಫಿಲ್ಟರ್ ಪೇಪರ್ ನಡುವೆ ಒತ್ತಿ ನೀರು ಹಿಂಡಿ. ಬ್ರಾತ್ ಬೇಡ ಅಂದ್ರೆ ಪ್ಲೇಟಿನ ಮೇಲೆ ಸ್ಟೆರೈಲ್ ಮಾಡಿದ ಸೆಲ್ಲೋಫೇನ್ ಹಾಸಿ ಅದರ ಮೇಲೆ ಬೆಳೆಸಿ. ನೀರು ದೋಸೆ ಎಬ್ಬಿಸಿದ ಹಾಗೆ ಪೂರ್ತಿ ಪದರ ಎದ್ದು ಬರುತ್ತದೆ. ಅಗಾರ್ ಒಂದು ಚೂರೂ ಅಂಟಲ್ಲ. ಅಗಾರ್ ಕೂಡ ಪಿಸಿಆರ್‌ಗೆ ಶತ್ರುವೇ, ಅದೂ ಪಾಲಿಸ್ಯಾಕರೈಡೇ ಅಲ್ವಾ.

ನೈಟ್ರೋಜನ್ ಇಲ್ಲದೆ ಪುಡಿ ಮಾಡೋಕೆ ನನ್ನ ಇಷ್ಟದ ದಾರಿ ಒಣಗಿಸೋದು. ಹೆಪ್ಪುಗಟ್ಟಿಸಿ ಒಣಗಿಸುವ ಲಯೋಫಿಲೈಸರ್ ಇದ್ದರೆ ರಾತ್ರಿಯಿಡೀ ಹಾಕಿ. ಇಲ್ಲದಿದ್ದರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಒಣಗಿದ ಬೂಷ್ಟು ಸುಟ್ಟ ಹಪ್ಪಳದಂತೆ ಮುರಿಯುತ್ತದೆ, ಟ್ಯೂಬಿನಲ್ಲೇ ಪ್ಲಾಸ್ಟಿಕ್ ಪೆಸಲ್‌ನಿಂದ ಪುಡಿ ಆಗುತ್ತದೆ. ಹಸಿದನ್ನ ಮಾತ್ರ ರೂಮಿನ ಬಿಸಿಯಲ್ಲಿ ನಿಧಾನವಾಗಿ ಅರೆಯಬೇಡಿ. ಗೋಡೆ ಒಡೆದ ಕೂಡಲೇ ಒಳಗಿರುವ ಡಿಎನ್‌ಎ ತಿನ್ನುವ ಎಂಜೈಮುಗಳೂ ಬಿಡುಗಡೆ ಆಗುತ್ತವೆ. ಬಫರಿನಲ್ಲಿ ಇಡಿಟಿಎ ಹಾಕೋದು ಅದಕ್ಕೇ, ಅದು ಅವುಗಳಿಗೆ ಬೇಕಾದ ಮೆಗ್ನೀಸಿಯಂ ಕಿತ್ತುಕೊಳ್ಳುತ್ತದೆ.

ಗಾಜಿನಮಣಿ

ನೈಟ್ರೋಜನ್‌ಗೆ ಒಂದು ಕಳ್ಳದಾರಿ ಹೇಳ್ತೀನಿ. ಕಳ್ಳದಾರಿ ಅಂದ್ರೆ ಕೇಳಿ ತಗೊಳ್ಳೋದೇ. ಪಶು ಆಸ್ಪತ್ರೆಗಳಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಸ್ಟ್ರಾ ಇಡುವ ಕ್ಯಾನ್ ಇರುತ್ತದಲ್ಲ, ಅದರಲ್ಲಿರೋದು ಇದೇ ಲಿಕ್ವಿಡ್ ನೈಟ್ರೋಜನ್, ಮೈನಸ್ 196 ಡಿಗ್ರಿ. ನಮ್ಮೂರಿನ ವೆಟರ್ನರಿ ಡಾಕ್ಟ್ರು ಪರಿಚಯ ಇದ್ದರು, ಹೊಸ ಲೋಡ್ ಬಂದ ದಿನ ಒಂದೆರಡು ಲೀಟರ್ ಕೊಡ್ತಿದ್ರು. ಬದಲಿಗೆ ಅವರ ಮಗಳ ಸೈನ್ಸ್ ಪ್ರಾಜೆಕ್ಟ್ ನಾನು ಮಾಡಿಕೊಟ್ಟೆ.

ಆದರೆ ಎಚ್ಚರ. ಒಂದ್ಸಲ ನಾನು ಅರೆದ ಪುಡಿಯನ್ನು ಟ್ಯೂಬಿಗೆ ಹಾಕಿ, ತಳದಲ್ಲಿ ಒಂದು ಚೂರು ನೈಟ್ರೋಜನ್ ಉಳಿದಿದ್ದನ್ನ ಗಮನಿಸದೆ ಮುಚ್ಚಳ ಒತ್ತಿದೆ. ರ‍್ಯಾಕಿನಲ್ಲಿಟ್ಟು ತಿರುಗೋ ಅಷ್ಟರಲ್ಲಿ ಪಟಾಕಿ ಥರ ಢಬ್ ಅಂತು. ಮುಚ್ಚಳ ಸೀಲಿಂಗಿಗೆ, ವಾರದ ಬೂಷ್ಟು ನನ್ನ ಕನ್ನಡಕದ ಮೇಲೆ. ಕನ್ನಡಕ ಇತ್ತು, ಪುಣ್ಯ. ಹೊಗೆ ಪೂರ್ತಿ ನಿಲ್ಲೋವರೆಗೆ ಮುಚ್ಚಳ ಮುಟ್ಟಬೇಡಿ. ಕಿಟಕಿ ಮುಚ್ಚಿದ ಸಣ್ಣ ರೂಮಿನಲ್ಲೂ ಸುರಿಯಬೇಡಿ, ಆಮ್ಲಜನಕವನ್ನು ತಳ್ಳಿ ಹಾಕುತ್ತದೆ, ವಾಸನೆಯೂ ಇಲ್ಲ, ಗೊತ್ತೇ ಆಗಲ್ಲ.

ತೋಟದಮನೆ

ನಾನು ಲ್ಯಾಬಿನವನಲ್ಲ, ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರ. ಅಡಿಕೆ ಅಂತ ಹೆಸರು ನೋಡಿ ಓದೋಕೆ ಬಂದೆ, ಅರ್ಧ ಅರ್ಥ ಆಯ್ತು. ಒಂದು ಪ್ರಶ್ನೆ ಇದೆ, ದಡ್ಡ ಪ್ರಶ್ನೆ ಆದ್ರೆ ಕ್ಷಮಿಸಿ. ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ) ಹೊಡೀತೀವಲ್ಲ, ಅದು ಕೂಡ ಈ ಗೋಡೆ ಒಡೆದೇ ಕೊಲ್ಲೋದಾ? ಹಾಗಿದ್ರೆ ನೀವು ಲ್ಯಾಬಿನಲ್ಲಿ ಅದನ್ನೇ ಹಾಕಬಹುದಲ್ಲ?

ಹಳೇಪೆಸಲ್

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ ಸ್ವಾಮಿ, ನಮ್ಮ ಕ್ಲಾಸಿನಲ್ಲಿ ಇದನ್ನ ಕೇಳಿದವರು ಕಮ್ಮಿ.

ಬೋರ್ಡೋ ಗೋಡೆ ಒಡೆಯಲ್ಲ. ಮೈಲುತುತ್ತದ ತಾಮ್ರ ನಿಧಾನವಾಗಿ ಕರಗಿ ಬೀಜಾಣುವಿನ ಒಳಗೆ ಹೋಗಿ ಅಲ್ಲಿನ ಪ್ರೋಟೀನುಗಳನ್ನ ಕೆಡಿಸುತ್ತದೆ. ಮನೆ ಹಾಗೇ ನಿಂತಿರುತ್ತದೆ, ಒಳಗಿನವರು ಸತ್ತಿರುತ್ತಾರೆ. ನಮಗೆ ಬೇಕಿರೋದು ಉಲ್ಟಾ: ಮನೆ ಬೀಳಬೇಕು, ಒಳಗಿನ ಸಾಮಾನು ಕೆಡಬಾರದು.

ಇನ್ನೊಂದು ತಮಾಷೆ. ಕೊಳೆರೋಗದ ಫೈಟಾಫ್ತೊರಾ ನಿಜವಾದ ಫಂಗಸ್ಸೇ ಅಲ್ಲ. ನೋಡೋಕೆ ಬೂಷ್ಟು, ಬಂಧುತ್ವ ಕಂದು ಪಾಚಿಗಳ ಕಡೆ. ಅದರ ಗೋಡೆಯಲ್ಲಿ ಕೈಟಿನ್ ಇಲ್ಲವೆನ್ನುವಷ್ಟು ಕಡಿಮೆ, ಗ್ಲೂಕಾನ್ ಜೊತೆಗೆ ಸೆಲ್ಯುಲೋಸ್ ಇದೆ. ಹಾಗಾಗಿ ಕೈಟಿನ್ ಕರಗಿಸುವ ಎಂಜೈಮ್ ಹಾಕಿಕೊಂಡು ದಿನವಿಡೀ ಕೂತರೂ ಅದು ಜಗ್ಗಲ್ಲ. ನಮ್ಮ ಹುಡುಗನೊಬ್ಬ ಕಾಳುಮೆಣಸಿನ ಫೈಟಾಫ್ತೊರಾಗೆ ಹೀಗೇ ದುಬಾರಿ ಎಂಜೈಮ್ ಸುರಿದು ಕಾದಿದ್ದ. ಸೆಲ್ಯುಲೇಸ್ ಸೇರಿಸಿದ ಮೇಲೆ ಕೆಲಸ ಆಯ್ತು.

ಅಡಿಕೆ ಕೊಳೆರೋಗದ ಮೇಲೆ ಮೊದಮೊದಲು ಕೂತು ಕೆಲಸ ಮಾಡಿದವರಲ್ಲಿ ಒಬ್ಬರು ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್. 1910ರ ಸುಮಾರಿಗೇ ಮಲೆನಾಡಿನಲ್ಲಿ ಬೋರ್ಡೋ ಹೊಡೆಸಿ ನೋಡಿದ್ದರು. ನೀವು ಈಗಲೂ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಹೊಡೆಯೋದು ಅದನ್ನೇ.

ತೋಟದಮನೆ

ಒಳ್ಳೇದಾಯ್ತು ಸರ್. ಕೊಳೆರೋಗ ಫಂಗಸ್ ಅಲ್ಲ ಅಂತ ಅಪ್ಪನಿಗೆ ಹೇಳಿದ್ರೆ ‘ಹೆಸರು ಏನಾದ್ರೂ ಇಟ್ಕೊಳ್ಲಿ, ಕಾಯಿ ಉದುರೋದು ನಿಲ್ಲಿಸು’ ಅಂತಾರೆ.

ಪಾಳಿಯವನು

ನಾನು ಬಯೋಟೆಕ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನೀವೆಲ್ಲ 100 ಮಿಲಿಗ್ರಾಂ ಒಡೆಯೋಕೆ ಒದ್ದಾಡ್ತಿದ್ದೀರಿ, ನಮ್ಮಲ್ಲಿ ನೂರಾರು ಕಿಲೋ ಈಸ್ಟ್. ನಮ್ಮ ಕಡೆ ಕಥೆ ಸ್ವಲ್ಪ ಕೇಳಿ.

ಮೊದಲನೇ ಪ್ರಶ್ನೆ, ಒಡೆಯೋದು ಬೇಕಾ? ಪೀಕಿಯಾ ಅನ್ನೋ ಈಸ್ಟ್‌ನಿಂದ ಮನುಷ್ಯನ ಇನ್ಸುಲಿನ್ ಮಾಡ್ತಾರೆ, ಬೆಂಗಳೂರಿನ ಬಯೋಕಾನ್ ಹಾಗೇ ಮಾಡಿದ್ದು, 2004ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿ ಈಸ್ಟೇ ಇನ್ಸುಲಿನ್‌ನ ಕಚ್ಚಾ ರೂಪವನ್ನ ಹೊರಗೆ ಬಿಡುತ್ತದೆ. ಕೋಶ ಒಡೆಯೋ ರಗಳೆಯೇ ಇಲ್ಲ, ಸೋಸಿ ನೀರು ತಗೊಂಡ್ರೆ ಆಯ್ತು. ಅದೇ ಪೀಕಿಯಾದಿಂದ ಹೆಪಟೈಟಿಸ್ ಬಿ ಲಸಿಕೆ ಮಾಡುವಾಗ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತಂದಿದ್ದು ಹಾಗೇ, ಲಸಿಕೆಯ ಪ್ರೋಟೀನ್ ಕೋಶದ ಒಳಗೇ ಕೂತಿರುತ್ತದೆ. ಅಲ್ಲಿ ಒಡೆಯಲೇಬೇಕು.

ಒಡೆಯೋಕೆ ದೊಡ್ಡ ಪ್ರಮಾಣದಲ್ಲಿ ಹೈ ಪ್ರೆಶರ್ ಹೋಮೋಜಿನೈಸರ್. ಈಸ್ಟ್ ಗಂಜಿಯನ್ನ ಸಾವಿರ ಬಾರ್ ಒತ್ತಡದಲ್ಲಿ ಕೂದಲೆಳೆಯಷ್ಟು ಸಂದಿನಲ್ಲಿ ತಳ್ಳೋದು. ಆ ಕಡೆ ಬಂದ ಕೂಡಲೇ ಒತ್ತಡ ಇಳಿದು ಕೋಶ ಹರಿದುಹೋಗುತ್ತದೆ. ತೊಂದರೆ ಬಿಸಿ. ಪ್ರತಿ 100 ಬಾರ್‌ಗೆ 2ರಿಂದ 2.5 ಡಿಗ್ರಿ ಏರುತ್ತದೆ. 4 ಡಿಗ್ರಿಯಲ್ಲಿ ಒಳಗೆ ಹೋದದ್ದು ಒಂದೇ ಸುತ್ತಿಗೆ 24ರಿಂದ 29ರಲ್ಲಿ ಹೊರಬರುತ್ತದೆ. ಅದಕ್ಕೇ ಎರಡು ಸುತ್ತಿನ ಮಧ್ಯೆ ತಣ್ಣಗೆ ಮಾಡೋಕೆ ಕಾಯಬೇಕು.

ಹೊಸದಾಗಿ ಸೇರಿದಾಗ ನಾನು ಒಂದು ರಾತ್ರಿ ಪಾಳಿಯಲ್ಲಿ ಬುದ್ಧಿವಂತಿಕೆ ತೋರಿಸಿ, ಮೂರು ಸುತ್ತು ಸಾಕಿದ್ದ ಕಡೆ ಐದು ಸುತ್ತು ಓಡಿಸಿದೆ. ಇನ್ನೂ ಜಾಸ್ತಿ ಬರಲಿ ಅಂತ. ಪ್ರೋಟೀನ್ ಒಂದು ಚೂರೂ ಜಾಸ್ತಿ ಬರಲಿಲ್ಲ. ಗೋಡೆ ಮಾತ್ರ ಎಷ್ಟು ನುಣ್ಣಗಾಗಿತ್ತು ಅಂದ್ರೆ ಸೆಂಟ್ರಿಫ್ಯೂಜ್‌ನಲ್ಲಿ ಕೆಳಗೆ ಇಳೀಲೇ ಇಲ್ಲ. ರಾಗಿ ಅಂಬಲಿ ಥರ ಕದಡಿಕೊಂಡು ನಿಂತಿತ್ತು, ಫಿಲ್ಟರ್ ಎಲ್ಲ ಕಟ್ಟಿಕೊಂಡಿತು. ಬೆಳಿಗ್ಗೆ ಬಂದ ಮ್ಯಾನೇಜರ್ ಏನೂ ಬೈಲಿಲ್ಲ, ಸುಮ್ನೆ ಫಿಲ್ಟರ್ ನನ್ನ ಕೈಗೆ ಕೊಟ್ಟರು. ಅವತ್ತಿಡೀ ತೊಳೆದೆ.

ಬೂಷ್ಟನ್ನ ಹೋಮೋಜಿನೈಸರ್‌ಗೆ ಹಾಕಬೇಡಿ. ಎಳೆ ಸಂದಿನಲ್ಲಿ ಸಿಕ್ಕಿ ಗಂಟಾಗುತ್ತದೆ. ಅದಕ್ಕೆ ಬೀಡ್ ಮಿಲ್ಲೇ ಸರಿ.

ಈಸ್ಟಪ್ಪ

@ಪಾಳಿಯವನು ಪ್ರೋಟೀನ್ ಮಾತು ಬಂತು ಅಂತ ಒಂದು ಮಾತು ಸೇರಿಸ್ತೀನಿ. ಪ್ರೋಟೀನ್ ಬೇಕಾದವರಿಗೆ ಡಿಎನ್‌ಎಯವರ ವಿಧಾನ ನಡೆಯಲ್ಲ. 65 ಡಿಗ್ರಿಯಲ್ಲಿ ಸಿಟ್ಯಾಬ್ ಹಾಕಿದರೆ ಎಂಜೈಮ್ ಅಲ್ಲೇ ಬೆಂದು ಹೋಗುತ್ತದೆ. ತಣ್ಣಗಿರಬೇಕು, ನೊರೆ ಬರಬಾರದು, ವ್ಯಾಕ್ಯುವೋಲ್‌ನಿಂದ ಬರುವ ಪ್ರೋಟಿಯೇಸ್‌ಗಳನ್ನ ತಡೆಯಬೇಕು. ಅದಕ್ಕೆ ಪಿಎಂಎಸ್‌ಎಫ್ ಅನ್ನೋ ರಾಸಾಯನಿಕ ಹಾಕುವವರು ಬೆಳಿಗ್ಗೆಯೇ ಬಫರಿಗೆ ಬೆರೆಸಿಟ್ಟು ಮಧ್ಯಾಹ್ನ ಬಳಸ್ತಾರೆ, ಅದು ತಪ್ಪು. ನೀರಿನಲ್ಲಿ ಅದು ಒಂದೆರಡು ಗಂಟೆಯಲ್ಲೇ ಅರ್ಧ ಕೆಟ್ಟುಹೋಗುತ್ತದೆ. ಒಡೆಯೋ ಮುಂಚೆ, ಆಗಲೇ ಹಾಕಿ.

ಪ್ರೋಟೀನ್ ಇದೆಯಾ ಅಂತ ನೋಡುವ ವೆಸ್ಟರ್ನ್ ಬ್ಲಾಟ್‌ಗೆ ಮಾತ್ರ ಆದ್ರೆ ಈಸ್ಟನ್ನ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಐದು ನಿಮಿಷ ಬಿಟ್ಟು, ಆಮೇಲೆ ಎಸ್‌ಡಿಎಸ್ ಬಫರಿನಲ್ಲಿ ಕುದಿಸಿ. ಮಣಿಗಿಣಿ ಏನೂ ಬೇಡ.

ಕೋಶ ಜೀವಂತ ಇರಬೇಕು, ಗೋಡೆ ಮಾತ್ರ ಹೋಗಬೇಕು ಅಂದ್ರೆ ಎಂಜೈಮ್ ಒಂದೇ ದಾರಿ. ಮೊದಮೊದಲು ಇದಕ್ಕೆ ಬಳಸ್ತಿದ್ದಿದ್ದು ಬಸವನಹುಳದ ಹೊಟ್ಟೆ ರಸ! 1957ರಲ್ಲಿ ಎಡ್ಡಿ ಮತ್ತು ವಿಲಿಯಮ್ಸನ್ ಅದನ್ನ ಹಾಕಿ ಈಸ್ಟ್ ಗೋಡೆ ಕಳಚಿ ಪ್ರೋಟೋಪ್ಲಾಸ್ಟ್ (ಗೋಡೆ ಇಲ್ಲದ ಕೋಶ) ಮಾಡಿ ತೋರಿಸಿದರು. ಆಮೇಲೆ ಬ್ಯಾಕ್ಟೀರಿಯಾದಿಂದ ತೆಗೆದ ಜೈಮೋಲಿಯೇಸ್ ಬಂತು. ಎಳೇ ಕೋಶಗಳಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ, ರಾತ್ರಿಯಿಡೀ ಬೆಳೆದು ನಿಂತ ಕೋಶಗಳಲ್ಲಿ ಒದ್ದಾಡುತ್ತದೆ. 1 ಮೋಲಾರ್ ಸಾರ್ಬಿಟಾಲ್ ಮರೆತರೆ ಮಾತ್ರ ಗೋಡೆ ಹೋದ ಕೋಶ ನೀರು ಕುಡಿದು ಊದಿ ಒಡೆಯುತ್ತದೆ. ಒಡೆಯೋದೇ ನಿಮಗೆ ಬೇಕಿದ್ದರೆ ಅದೂ ಒಂದು ವಿಧಾನ ಬಿಡಿ.

ಸ್ಲೈಡುನೋಡಿ

ಒಡೆಯಬಾರದ ಕಥೆಯೂ ಒಂದಿದೆ. ನಾನು ಆಸ್ಪತ್ರೆಯ ಮೈಕ್ರೋಬಯಾಲಜಿಯಲ್ಲಿ ಇದ್ದೇನೆ. 2021ರಲ್ಲಿ ಮ್ಯೂಕರ್‌ಮೈಕೋಸಿಸ್ ಬಂತಲ್ಲ, ಟಿವಿಯವರು ಬ್ಲ್ಯಾಕ್ ಫಂಗಸ್ ಅಂತ ಕರೆದದ್ದು. ಫಂಗಸ್ ಕಪ್ಪಲ್ಲ, ಸತ್ತ ಮಾಂಸ ಕಪ್ಪಾಗೋದು. ದಿನಾ ಹತ್ತಾರು ಮೂಗಿನ ಬಯಾಪ್ಸಿ. ಸ್ಲೈಡಿನಲ್ಲಿ ಮಾಂಸ ಕರಗಿಸಿ ಫಂಗಸ್ ಕಾಣಿಸುವ ಕೆಓಹೆಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿದರೆ ರಿಬ್ಬನ್ ಥರ ಅಗಲವಾದ ಎಳೆ ಕಣ್ಣಿಗೆ ಹೊಡೆಯುತ್ತದೆ, ಆದರೆ ಕಲ್ಚರ್‌ನಲ್ಲಿ ಏನೂ ಬೆಳೀತಿಲ್ಲ. ಕಾರಣ ಏನು ಅಂದ್ರೆ ಹೊಸ ಟೆಕ್ನಿಷಿಯನ್ ಒಬ್ಬರು ಬೇರೆ ಟಿಶ್ಯೂಗಳ ಹಾಗೆ ಅದನ್ನೂ ಗ್ರೈಂಡರಿನಲ್ಲಿ ಅರೆದು ಹಾಕ್ತಿದ್ದರು.

ಮ್ಯೂಕರ್ ಎಳೆಗಳಲ್ಲಿ ಅಡ್ಡಗೋಡೆ ಇಲ್ಲವೆನ್ನುವಷ್ಟು ಅಪರೂಪ. ಉದ್ದದ ಒಂದೇ ಪೈಪು. ಒಂದು ಕಡೆ ಒಡೆದರೆ ಒಳಗಿರೋದೆಲ್ಲ ಹರಿದುಹೋಗಿ ಇಡೀ ಎಳೆ ಸಾಯುತ್ತದೆ. ಕಲ್ಚರ್‌ಗೆ ಅದನ್ನ ಬ್ಲೇಡಿನಿಂದ ಸಣ್ಣ ತುಂಡು ಮಾಡಿ ಇಡಬೇಕು, ಸೊಪ್ಪು ಹೆಚ್ಚಿದ ಹಾಗೆ. ಅರೆಯಬಾರದು. ಅದೇ ಟಿಶ್ಯೂವಿನ ಇನ್ನೊಂದು ತುಂಡನ್ನ ಪಿಸಿಆರ್‌ಗೆ ಕಳಿಸುವಾಗ ಪೂರ್ತಿ ಅರೆಯಲೇಬೇಕು. ಒಂದೇ ಟ್ರೇ, ಪಕ್ಕಪಕ್ಕ ಎರಡು ತುಂಡು. ನಾವು ಕೊನೆಗೆ ಡಬ್ಬಿ ಮೇಲೆ ಕೆಂಪು ಮಾರ್ಕರಿನಲ್ಲಿ ‘ಹೆಚ್ಚು’, ‘ಅರೆ’ ಅಂತ ಬರೆದು ಇಟ್ಟೆವು.

ಗಾಜಿನಮಣಿ

‘ಹೆಚ್ಚು’, ‘ಅರೆ’. ಯಾರಾದ್ರೂ ಹೊರಗಿನವರು ನೋಡಿದ್ರೆ ಅಡುಗೆಮನೆ ಅಂದ್ಕೋಬೇಕು.

ಅಡಿಕೆಮರದಡಿ

ಪರೀಕ್ಷೆ ಮಾಡಿದೆ!! ಸೀನಿಯರ್ ಒಬ್ಬರ ಒಳ್ಳೇ ಡಿಎನ್‌ಎ ಬೇಡಿ ತಗೊಂಡೆ. ಒಂಟಿಯಾಗಿ ಅದು ದಪ್ಪ ಬ್ಯಾಂಡು. ನನ್ನ ಕಂದು ದ್ರಾವಣ 1 ಮೈಕ್ರೋಲೀಟರ್ ಸೇರಿಸಿದ ಟ್ಯೂಬ್ ಪೂರ್ತಿ ಖಾಲಿ. ಅಂದ್ರೆ ಹಳೇಪೆಸಲ್ ಸರ್ ಹೇಳಿದ್ದೇ ಸರಿ. ಮೂರು ವಾರ ನಾನು ಒಡೆದುಹೋದ ಗೋಡೆಯನ್ನೇ ಒಡೀತಿದ್ದೆ.

ನನ್ನದನ್ನ ತೆಳು ಮಾಡಿದ್ದರಲ್ಲಿ 1:10 ಖಾಲಿ. 1:50ರಲ್ಲಿ ತೆಳುವಾಗಿ ಒಂದು ಗೆರೆ, 550 ಬೇಸ್‌ಪೇರ್ ಉದ್ದದ ಹತ್ತಿರ. ಟ್ರಾನ್ಸ್‌ಇಲ್ಯುಮಿನೇಟರ್ ಮುಂದೆ ಒಬ್ಬಳೇ ಕೂತು ನಗ್ತಿದ್ದೆ. 1:100ರಲ್ಲಿ ಇನ್ನೂ ಚೆನ್ನಾಗಿ ಬಂದಿದೆ, ಇದು ಮಾತ್ರ ವಿಚಿತ್ರ ಅನ್ನಿಸ್ತು.

ಹಳೇಪೆಸಲ್

ವಿಚಿತ್ರ ಏನಿಲ್ಲ. 1:50ರಲ್ಲೂ ಸ್ವಲ್ಪ ಕೊಳೆ ಕಾಡುತ್ತಿತ್ತು, 1:100ರಲ್ಲಿ ಬಿಟ್ಟಿತು. ಪಿಸಿಆರ್ ಮಿಶ್ರಣಕ್ಕೆ ಸ್ವಲ್ಪ ಬಿಎಸ್‌ಎ ಅನ್ನೋ ಪ್ರೋಟೀನ್ ಹಾಕಿದರೆ 1:10ರಲ್ಲೂ ಬರಬಹುದು, ಫೀನಾಲ್‌ಗಳು ಟ್ಯಾಕ್ ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತವೆ.

ಹೊಸದಾಗಿ ತೆಗೆಯುವಾಗ ಬಫರನ್ನ ಒಮ್ಮೆ ನೋಡಿಕೊಳ್ಳಿ. ಸಿಟ್ಯಾಬ್ 2%, ಉಪ್ಪು 1.4 ಮೋಲಾರ್. ಈ ಉಪ್ಪು ಕಡಿಮೆ ಮಾಡಬೇಡಿ, ಅಷ್ಟು ಉಪ್ಪಿದ್ದಾಗಲೇ ಸಿಟ್ಯಾಬ್ ಪಾಲಿಸ್ಯಾಕರೈಡನ್ನ ಹಿಡಿದು ಡಿಎನ್‌ಎಯನ್ನ ಬಿಡುವುದು. 0.7 ಮೋಲಾರ್‌ಗಿಂತ ಕೆಳಗಿಳಿದರೆ ಡಿಎನ್‌ಎಯನ್ನೂ ಹಿಡಿದು ಇಳಿಸುತ್ತದೆ. ಫೀನಾಲ್ ಹಿಡಿಯೋಕೆ ಪಿವಿಪಿ 1% ಹಾಕಿ. ಮರ್‌ಕ್ಯಾಪ್ಟೋಎಥನಾಲ್ ಬಳಸುವ ದಿನವೇ ಸೇರಿಸಿ, ಹುಡ್ ಒಳಗೆ. ಅದರ ವಾಸನೆ ಬಂದರೆ ಇಡೀ ಕಾರಿಡಾರು ನಿಮ್ಮನ್ನ ಶಪಿಸುತ್ತದೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತಲ್ಲ, ಫೀನಾಲ್ ಗಾಳಿ ಸೇರಿ ಹಾಗಾಗೋದು. ಅದನ್ನ ತಡೆಯೋಕೆ ಇದು. ಕ್ಲೋರೋಫಾರ್ಮ್ ಸುತ್ತು ಎರಡು ಸಲ ಮಾಡಿ, ಮಧ್ಯದ ಬಿಳಿ ಪದರ ತೆಳ್ಳಗಾಗುವವರೆಗೆ. ಮೇಲಿನ ನೀರು ತೆಗೆಯುವಾಗ ದುರಾಸೆ ಬೇಡ, ಆ ಪದರದ ಹತ್ತಿರ ಹೋಗದೆ ಕಾಲು ಭಾಗ ಬಿಟ್ಟುಬಿಡಿ.

ಮತ್ತೆ, ಸಿಟ್ಯಾಬ್ ಬಫರನ್ನ ಫ್ರಿಜ್‌ನಲ್ಲಿ ಇಡಬೇಡಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ ಬೆಳ್ಳಗೆ ಕೂತುಬಿಡುತ್ತದೆ. ಹಾಗಾದರೆ ಎಸೆಯಬೇಡಿ, ಬಿಸಿ ನೀರಿನಲ್ಲಿಟ್ಟರೆ ಕರಗುತ್ತದೆ.

ಪಾಳಿಯವನು

ಕಾಲು ಭಾಗ ಬಿಡೋದು ಅಂದ್ರೆ ನಮ್ಮ ಫ್ಯಾಕ್ಟರಿಯಲ್ಲಿ ಕೆಲಸ ಹೋಗುತ್ತೆ ಸರ್ 😄

ಅಡಿಕೆಮರದಡಿ

ಎರಡು ವಾರ ಆದ ಮೇಲೆ ಬಂದೆ, ಸಾರಿ.

ಸೆಲ್ಲೋಫೇನ್ ಮೇಲೆ ನಾಲ್ಕು ದಿನ ಬೆಳೆಸಿದೆ. ನೀರು ದೋಸೆ ಥರಾನೇ ಎದ್ದು ಬಂತು, ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ, ‘ಇದು ತಿನ್ನೋದಾ’ ಅಂದ್ರು. ಸಿಲಿಕಾ ಜೆಲ್ ಡಬ್ಬಿಯಲ್ಲಿ ಎರಡು ದಿನ ಒಣಗಿಸಿದೆ. ಟ್ಯೂಬಿನಲ್ಲಿ ಪೆಸಲ್ ಇಟ್ಟು ತಿರುಗಿಸಿದರೆ ಚುರ್ ಅಂತ ಸದ್ದು ಬಂದು ಬೂದಿಯಂಥ ಪುಡಿ, ಒಂದೇ ನಿಮಿಷ. ಕೈ ನೋವೂ ಇಲ್ಲ. ಐಸೋಪ್ರೊಪನಾಲ್ ಹಾಕಿದ ಮೇಲೆ ಟ್ಯೂಬನ್ನ ನಿಧಾನ ಮಗುಚಿದಾಗ ಒಳಗೆ ಬಿಳೀ ದಾರ ತೇಲಾಡಿತು. ಕಂದು ಅಲ್ಲ, ಬಿಳೀ. ಪ್ರಮಾಣ ಬರೀ 140, ಮೊದಲಿನ 900ರ ಮುಂದೆ ಏನೂ ಅಲ್ಲ, ಆದರೆ 260/230 ಈಗ 1.9. ತೆಳು ಮಾಡದೆ ಹಾಕಿದರೂ ಪಿಸಿಆರ್ ಬಂತು.

ಸೀಕ್ವೆನ್ಸ್ ಕೂಡ ನಿನ್ನೆ ಬಂತು. ಕೊಲೆಟೊಟ್ರೈಕಮ್ ಹೌದು. ಆದರೆ ಯಾವ ಪ್ರಭೇದ ಅಂತ ಐಟಿಎಸ್ ಒಂದರಿಂದ ಹೇಳೋಕೆ ಆಗಲ್ಲ, ಹತ್ತಿರದ ಹಲವು ಪ್ರಭೇದಗಳು ಅದರಲ್ಲಿ ಒಂದೇ ಥರ ಕಾಣ್ತವೆ ಅಂತ ಗೈಡ್ ಹೇಳಿದ್ರು. ಇನ್ನೂ ಮೂರ್ನಾಲ್ಕು ಜೀನ್ ಓದಿಸಬೇಕಂತೆ: ಆಕ್ಟಿನ್, ಟ್ಯೂಬುಲಿನ್, ಜಿಎಪಿಡಿಎಚ್, ಮತ್ತೆ ಸಿಎಚ್‌ಎಸ್-1. ಈ ಕೊನೇದು ಏನು ಅಂತ ಹುಡುಕಿದರೆ ಕೈಟಿನ್ ಸಿಂಥೇಸ್. ಅಂದ್ರೆ ನಾನು ಮೂರು ವಾರ ಗುದ್ದಾಡಿದ ಗೋಡೆ ಕಟ್ಟುವ ಮೇಸ್ತ್ರಿಯೇ.

ಅದರ ಪ್ರೈಮರ್ (ಪಿಸಿಆರ್ ಶುರು ಮಾಡೋಕೆ ಬೇಕಾದ ಸಣ್ಣ ಡಿಎನ್‌ಎ ತುಂಡು) ಆರ್ಡರ್ ಮಾಡಿದರೆ ಬರೋಕೆ ಮೂರು ವಾರ ಅಂತಿದ್ದಾರೆ. ಶಿವಮೊಗ್ಗ, ಧಾರವಾಡ, ಬೆಂಗಳೂರು ಎಲ್ಲಾದರೂ ಸರಿ, ಯಾರ ಹತ್ರ ಆದ್ರೂ 20 ಮೈಕ್ರೋಲೀಟರ್ ಇದ್ಯಾ? ಬಸ್ಸಿಗೆ ನಾನೇ ಬರ್ತೀನಿ.

ಗಾಜಿನಮಣಿ

ನನ್ನ ಹತ್ರ ಇದೆ. ಹಳೇದು, ಎರಡು ವರ್ಷ ಮೈನಸ್ 20ರಲ್ಲಿತ್ತು, ಹೋದ ತಿಂಗಳು ಕೆಲಸ ಮಾಡಿತ್ತು. ಮೆಸೇಜ್ ಮಾಡಿ. ಬರುವಾಗ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್ ತನ್ನಿ.